ಬಲಚಕ್ರದ ಬುಷ್

ಶಿರಸಿ, ೧೫ ಫೆಬ್ರವರಿ ೧೯೩೨. ಸೋಮವಾರ, ಸಂಜೆ

ಮತ್ತೆ ಮುಂದಿನ ಚಕ್ರ ಬಿಚ್ಚಿದೆ. ಈ ತಿಂಗಳೆಲ್ಲ ಇದೇ ಕೆಲಸ. ರಾಡನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಹಳೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದೆ. ಗೀರು ಬಿದ್ದಿದೆ. ಉಗುರು ಆಡಿಸಿದರೆ ತಡೆಯುತ್ತದೆ.

ಊರಿನ ಬೇರೆ ಮೋಟಾರುಗಳಿಗೆ ಮುಂದೆ ಅಡ್ಡ ಅಚ್ಚು, ಅದರ ಮೇಲೆ ಕಮಾನು ಪಟ್ಟಿ. ಚಕ್ಕಡಿ ಕಂಡವನಿಗೂ ತಿಳಿಯುತ್ತದೆ. ನಮ್ಮದು ಅಣ್ಣ ಗೋವೆಯ ವ್ಯಾಪಾರಿಯೊಬ್ಬನಿಂದ ತಂದ ಇಟಲಿ ಗಾಡಿ. ಮುಂದೆ ಅಚ್ಚೇ ಇಲ್ಲ. ಎರಡೂ ಬದಿಗೆ ನೆಟ್ಟನೆಯ ಒಂದೊಂದು ಉಕ್ಕಿನ ರಾಡು. ಕುಣಿ ಸಿಕ್ಕರೆ ಚಕ್ರ ಆ ರಾಡಿನ ಗುಂಟ ಮೇಲೇರುತ್ತದೆ, ಇಳಿಯುತ್ತದೆ. ಸ್ಟೇರಿಂಗ್ ತಿರುಗಿಸಿದರೆ ಅದೇ ರಾಡನ್ನು ಸುತ್ತಿ ತಿರುಗುತ್ತದೆ. ರಾಡಿಗೂ ಚಕ್ರದ ಹಿಡಿಕೆಗೂ ನಡುವೆ ಮೇಲೊಂದು, ಕೆಳಗೊಂದು ಕಂಚಿನ ಬಳೆ. ಬುಷ್. ಅದು ಸವೆದರೆ ಚಕ್ರಕ್ಕೆ ನೆಟ್ಟಗೆ ನಿಲ್ಲಲು ಬೇರೆ ಆಧಾರವಿಲ್ಲ.

ಎಡಗಡೆಯದು ಪರವಾಗಿಲ್ಲ. ಬಲಗಡೆ ಕೆಳಗಿನ ಬುಷ್ ಹೋಗಿದೆ. ಜಾಕ್ ಕೊಟ್ಟು ಚಕ್ರ ಹಿಡಿದು ಅಲುಗಿಸಿದರೆ ಲೊಟಲೊಟ ಆಡುತ್ತದೆ. ಮುಂಬಯಿಯಲ್ಲಿ ಮಾಲಿಲ್ಲ, ಹಡಗಿನಲ್ಲಿ ಬರಬೇಕಂತೆ. ಯಾವ ಹಡಗೋ.

ಅಣ್ಣನಿಗೆ ಹೇಳಿದೆ. "ಗ್ರೀಸ್ ತುಂಬು. ಓಡುತ್ತದೆ" ಎಂದ. ನೂರ್ ಅಹ್ಮದ್ ಮೋಟಾರ್ ಸರ್ವಿಸ್. ಮಾಲೀಕ ಅವನು, ಓಡಿಸುವವನು ನಾನು.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಉರ್ದುವಿನಲ್ಲಿ ಬರೆದರೆ ಅವನು ಓದುತ್ತಾನೆ.

೧೯ ಫೆಬ್ರವರಿ. ಶುಕ್ರವಾರ

ಸಿದ್ದಾಪುರ ಟ್ರಿಪ್. ಹೋಗುವಾಗ ತೊಂದರೆಯಿಲ್ಲ. ಅಲ್ಲಿ ಪೇಟೆಯಲ್ಲಿ ಪೊಲೀಸರು ಪಾತ್ರೆಗಳ ರಾಶಿ ಹಾಕಿದ್ದರು. ಹಂಡೆ, ಕೊಡ, ಕೊಳಗ, ದೋಸೆ ಕಾವಲಿ ಕೂಡ. ಸರಕಾರಕ್ಕೆ ಕರ ಕೊಡುವುದಿಲ್ಲ ಎಂದವರ ಮನೆಗಳಿಂದ ಜಪ್ತಿ ಮಾಡಿ ತಂದದ್ದು. ಹರಾಜು ಕೂಗುತ್ತಿದ್ದರು. ಸುತ್ತ ಅಷ್ಟು ಜನ, ಒಬ್ಬರೂ ಬೆಲೆ ಕೂಗಲಿಲ್ಲ. ನಾನು ಚಕ್ರ ನೋಡುವ ನೆಪದಲ್ಲಿ ಬಗ್ಗಿಕೊಂಡೆ. ನಮಗೆ ಯಾಕೆ.

ಬರುವಾಗ ಒಂದು ತಿರುವಿನಲ್ಲಿ ಚಕ್ರ ನಡುಗಲು ಹಿಡಿಯಿತು. ಸಣ್ಣಗೆ ಶುರುವಾಗಿ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಷ್ಟು. ಗಾಡಿ ನಿಲ್ಲಿಸಿದ ಮೇಲೆಯೇ ಬಿಟ್ಟಿತು. ಹಿಂದೆ ಕೂತಿದ್ದ ಮತ್ತಿಘಟ್ಟದ ಭಟ್ಟರು ಬಾಯಿಗೆ ಕೈ ಅಡ್ಡ ಹಿಡಿದು, "ಎಂತದೋ ಇದು ಹಯಾತಾ? ಹಲ್ಲೆಲ್ಲ ಉದ್ರಿಹೋಗ್ತು ಮಾರಾಯಾ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಗೈ ಬೆವರಿತ್ತು.

ಸೀದಾ ಕಂಚುಗಾರ ಬಸಪ್ಪನ ಹತ್ತಿರ ಹೋದೆ. ಗುಡಿಗಳಿಗೆ ಗಂಟೆ ಎರೆಯುವ ಮುದುಕ. ಹಳೆ ಬುಷ್ ಕೈಯಲ್ಲಿ ತಿರುಗಿಸಿ ನೋಡಿದ.

"ಎರೀಬಹುದು. ಆದ್ರೆ ಗಂಟೆ ಕಂಚು ಇದಕ್ಕಾಗೂದಿಲ್ಲ. ಅದು ಗಟ್ಟಿ, ಪೆಟ್ಟು ಬಿದ್ರೆ ಸೀಳ್ತದೆ. ತಾಮ್ರ ಎಷ್ಟು ಹೆಚ್ಚು ಹಾಕ್ಬೇಕು ಅಂತ ನಂಗೂ ಗೊತ್ತಿಲ್ಲ, ನೋಡೇ ಕಲೀಬೇಕು."

"ನೋಡು. ನಾನು ಕಾಯ್ತೇನೆ."

೨೪ ಫೆಬ್ರವರಿ. ಬುಧವಾರ

ಬಸಪ್ಪ ಎರೆದ ಮೊದಲ ಬುಷ್ ನೋಡಲು ಚೆಂದವಿತ್ತು. ಹಿಡಿಕೆಯೊಳಗೆ ಕೂರಿಸಲು ಮರದ ಕೊಡತಿಯಿಂದ ಬಡಿದೆ. ಟಣ್ ಎಂದಿತು. ಉದ್ದಕ್ಕೆ ಸೀಳು. ಬಸಪ್ಪ ಬೇಸರಪಡಲಿಲ್ಲ. ಸೀಳಿನ ಒಳಗಿನ ಬಣ್ಣ ನೋಡಿ, "ಇನ್ನೂ ತಾಮ್ರ ಬೇಕು" ಎಂದ. ಮುಂದಿನ ವಾರ ಮತ್ತೆ ಎರೆಯುತ್ತಾನೆ.

ಸವೆದದ್ದನ್ನೇ ತಿರುಗಿ ಹಾಕಿದೆ. ನಿನ್ನೆ ಎಕ್ಕಂಬಿಗೆ ಮದುವೆ ದಿಬ್ಬಣ ಒಯ್ದೆ, ಎತ್ತಿನ ಗಾಡಿಯ ಹಿಂದೆ ಎತ್ತಿನ ಗಾಡಿಯ ಹಾಗೆ ನಿಧಾನಕ್ಕೆ. ಮದುಮಗನ ಮಾವನಿಗೆ ಸಿಟ್ಟು. ಸಮದಾರಿಯಲ್ಲಿ ಹೇಗೋ ಆಗುತ್ತದೆ. ಇಳಿಜಾರಿನಲ್ಲಿ ಮಾತ್ರ ಬೇಡ ಎಂದು ಅಣ್ಣನಿಗೆ ಹೇಳಿಟ್ಟಿದ್ದೇನೆ.

೨೭ ಫೆಬ್ರವರಿ. ಶನಿವಾರ

ಠಾಣೆಯ ಫೌಜದಾರ ಮನೆಗೇ ಬಂದಿದ್ದ. ಜೊತೆಗೆ ಪೊಲೀಸ್ ಜಟ್ಟಪ್ಪ, ನಮ್ಮೂರಿನವನೇ. ಅಣ್ಣ ಕುರ್ಚಿ ಹಾಕಿ, ನನ್ನ ಹೆಂಡತಿ ಮೈಮೂನಾಳ ಕೈಯಲ್ಲಿ ಶರಬತ್ ಮಾಡಿಸಿ ತಾನೇ ತಂದುಕೊಟ್ಟ.

"ಗುರುವಾರ ಇಬ್ಬರು ಹೆಣ್ಣು ಕೈದಿಗಳನ್ನ ಕಾರವಾರಕ್ಕ ಒಯ್ಯೂದದ" ಎಂದ ಫೌಜದಾರ. ಅವನು ಧಾರವಾಡ ಕಡೆಯವನು. "ಕುಮಟಾ ದಾರಿಯೊಳಗ ಹಳ್ಳಿಹಳ್ಳಿಗೆ ಮಂದಿ ಕೂಡತಾರ, ಜೈಕಾರಾ ಹಾಕತಾರ. ಅದಕ್ಕ ಯಲ್ಲಾಪುರದ ಮ್ಯಾಲೆ ಹೋಗಿ ಅರಬೈಲ್ ಘಟ್ಟಾ ಇಳೀಬೇಕು. ನಿಮ್ಮ ಗಾಡಿ ಬೇಕು."

ಅಣ್ಣ ಹೂಂ ಎನ್ನುವ ಮೊದಲೇ ನಾನು ಹೇಳಿದೆ. "ಸಾಹೇಬ್ರೇ, ಗಾಡಿ ಘಟ್ಟ ಇಳಿಯೋ ಸ್ಥಿತಿಯಲ್ಲಿಲ್ಲ. ಬಲಗಡೆ ಬುಷ್ ಹೋಗಿದೆ."

"ಏನ ಹೋಗೇದ?"

"ಬುಷ್. ಚಕ್ರದ ರಾಡಿಗೆ ಹಾಕೋ ಕಂಚಿನ ಬಳೆ."

"ಬಳಿ? ಬಳಿ ಒಡೀತಂತ ಗಂಡಸು ಮನ್ಯಾಗ ಕೂಡತಾನೇನು?" ಜಟ್ಟಪ್ಪನ ಕಡೆ ತಿರುಗಿ ನಕ್ಕ. ಜಟ್ಟಪ್ಪ ನಗಲಿಲ್ಲ. "ಮದವಿ ದಿಬ್ಬಣ ಎಕ್ಕಂಬಿಗೆ ಒಯ್ಯಲಿಕ್ಕೆ ಗಾಡಿ ಸರಿ ಇತ್ತು. ಸರಕಾರದ ಕೆಲಸ ಅಂದಕೂಡಲೆ ಮುರೀತು. ಹೌದಲ್ಲೋ?"

ಬನ್ನಿ ಎಂದೆ. ನೋಡಿ ಎಂದೆ. ಚಕ್ರ ಎತ್ತಿ ಅಲುಗಿಸಿ ತೋರಿಸಿದೆ. ಅವನು ನೋಡಿದ್ದು ಚಕ್ರವನ್ನಲ್ಲ, ನನ್ನ ಮುಖವನ್ನು.

"ನಿನಗೂ ಆ ಕಾಂಗ್ರೆಸ್ಸಿನ ಗಾಳಿ ಬಡದದ" ಎಂದು ಹೊರಟುಹೋದ. ಶರಬತ್ ಹಾಗೇ ಇತ್ತು.

೨೮ ಫೆಬ್ರವರಿ. ಭಾನುವಾರ

ಪೇಟೆಗೆ ಹೋಗಬಾರದಿತ್ತು. ಸುದ್ದಿ ಆಗಲೇ ಹಬ್ಬಿದೆ. ಅಡಿಕೆ ಮಂಡಿಯ ಮುಂದೆ ಯಾರೋ ಕೈ ಹಿಡಿದು, "ಭಲೇ ಹಯಾತ್ ಸಾಹೇಬ್ರೇ! ನಮ್ಮ ಹೆಣ್ಣುಮಕ್ಕಳನ್ನ ಜೈಲಿಗೆ ಒಯ್ಯೂದಿಲ್ಲ ಅಂದ್ರಂತಲ್ಲ!" ಎಂದರು. ಗುರುತಿಲ್ಲದವರು ನಮಸ್ಕಾರ ಮಾಡಿದರು. ಚಹಾದಂಗಡಿಯಲ್ಲಿ ಜನ ಸರಿದು ಜಾಗ ಮಾಡಿಕೊಟ್ಟರು.

"ಹಾಗಲ್ಲ, ಬುಷ್ ಹೋಗಿದೆ" ಎಂದೆ.

ಎಲ್ಲರೂ ಕಣ್ಣು ಮಿಟುಕಿಸಿ ನಕ್ಕರು. "ಹೌದೌದು, ಬುಷ್!"

ಎಷ್ಟು ಹೇಳಿದರೂ ಅಷ್ಟೇ. ಮನೆಗೆ ಬಂದರೆ ಗಾಡಿಯ ಬಾನೆಟ್ಟಿನ ಮೇಲೆ ಯಾರೋ ಸೇವಂತಿಗೆ ಮಾಲೆ ಇಟ್ಟುಹೋಗಿದ್ದಾರೆ. ಅಣ್ಣ ಅದನ್ನು ಕಿತ್ತು ಬಚ್ಚಲಿಗೆ ಎಸೆದ.

"ಸಂತೋಷವಾಯಿತಾ? ಲೀಡರ್ ಆದೆ" ಎಂದ. "ಈ ಮನೆಯಲ್ಲಿ ತಿನ್ನುವ ಬಾಯಿ ಎಷ್ಟಿದೆ ಗೊತ್ತಾ ನಿನಗೆ?"

"ನಾನೇನು ಹೇಳಿದೆ? ಇದ್ದದ್ದು ಹೇಳಿದೆ."

"ಇದ್ದದ್ದನ್ನು ಯಾರು ಕೇಳಿದರು?"

ಮೈಮೂನಾ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು, "ನಿಜ ಹೇಳಿ. ಗಾಡಿ ಸರಿ ಇದ್ದಿದ್ದರೆ ಒಯ್ಯುತ್ತಿದ್ದಿರಾ?"

ಒಯ್ಯುತ್ತಿದ್ದೆ. ಹಾಗೆಂದು ಹೇಳಲು ಯಾಕೋ ನಾಚಿಕೆಯಾಯಿತು. ಇನ್ನೊಂದು ರೊಟ್ಟಿ ಕೇಳಿದೆ.

೧ ಮಾರ್ಚ್. ಮಂಗಳವಾರ

ಎಡಗಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿದೆ.

ಪೊಲೀಸ್ ಚಾವಡಿಗೆ ಕರೆಸಿದ್ದರು, ನನ್ನನ್ನೂ ಅಣ್ಣನನ್ನೂ. ಮಾಲೆಯ ವಿಷಯ ಫೌಜದಾರನಿಗೆ ತಿಳಿದಿತ್ತು. ಮತ್ತೆ ಬುಷ್ ಎಂದೆ. ಹೊಡೆದ. ಮತ್ತೆ ಬುಷ್ ಎಂದೆ. ಮತ್ತೆ ಹೊಡೆದ. ಅಣ್ಣ ಗೋಡೆಗೊರಗಿ ನಿಂತಿದ್ದ, ಕಣ್ಣು ನೆಲದ ಮೇಲೆ. ಜಟ್ಟಪ್ಪ ಬಾಗಿಲಲ್ಲಿ.

ಆಮೇಲೆ ಫೌಜದಾರ ನನ್ನನ್ನು ಬಿಟ್ಟು ಅಣ್ಣನ ಹತ್ತಿರ ಹೋಗಿ, ಬಹಳ ಮೆತ್ತಗೆ, "ಪರವಾನಗಿ ನಿಮ್ಮ ಹೆಸರಿಲೆ ಅದನಲ್ಲರಿ, ನೂರ್ ಅಹ್ಮದ್?" ಎಂದ.

"ಗಾಡಿ ಬರುತ್ತದೆ ಸಾಹೇಬರೇ" ಎಂದ ಅಣ್ಣ.

ಮನೆಯ ಹತ್ತಿರ ಬಂದಾಗ ಅವನು ನಿಂತು, "ನಿಧಾನಕ್ಕೆ ಹೋಗು. ನಿನ್ನ ಕೈ ನನಗೆ ಗೊತ್ತು" ಎಂದ. ಅದು ಹೊಗಳಿಕೆಯೋ, ಬೇಡಿಕೆಯೋ.

ಬಸಪ್ಪನ ಎರಡನೆಯ ಬುಷ್ ಇನ್ನೂ ಎರಕದ ಅಚ್ಚಿನಲ್ಲಿದೆ. ಅದನ್ನು ಒಡೆದು ತೆಗೆದು, ಒಳಗೆ ಕೊರೆದು ಸರಿಮಾಡುವಷ್ಟು ಸಮಯವಿಲ್ಲ. ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ ತೆಳ್ಳನೆಯ ತಗಡು ಮಾಡಿ, ಸವೆದ ಬುಷ್ಷಿಗೂ ರಾಡಿಗೂ ನಡುವೆ ಸುತ್ತಿ ಹಾಕಿದೆ. ಆಟ ನಿಂತಿತು. ಚಕ್ರ ಅಲುಗುತ್ತಿಲ್ಲ. ಆದರೆ ತಗಡು ತಗಡೇ. ಘಟ್ಟದಲ್ಲಿ ಎಷ್ಟು ಹೊತ್ತು ತಡೆದೀತು?

೩ ಮಾರ್ಚ್. ಗುರುವಾರ, ಬೆಳಿಗ್ಗೆ

ಎಂಜಿನ್ ಬಿಸಿಯಾಗಲು ಬಿಟ್ಟಿದ್ದೇನೆ. ಗ್ರೀಸ್ ತುಂಬಿದೆ. ಬ್ರೇಕ್ ಬಿಗಿ ಮಾಡಿದೆ. ಮೈಮೂನಾ ಬುತ್ತಿ ಕಟ್ಟಿದ್ದಾಳೆ. "ಕೈದಿಗಳಿಗೂ ಸೇರಿಸಿ ಕಟ್ಟಿದ್ದೇನೆ. ಹಿಂದೂಗಳಾದರೆ ತಿನ್ನುತ್ತಾರೋ ಇಲ್ಲವೋ, ಬಾಳೆಹಣ್ಣು ಇಟ್ಟಿದ್ದೇನೆ" ಎಂದಳು.

ಅಣ್ಣ ಹೊರಗೆ ಬರಲಿಲ್ಲ.

ಯಲ್ಲಾಪುರ ದವಾಖಾನೆ, ೧೦ ಮಾರ್ಚ್. ಗುರುವಾರ

ಬಲಗಡೆ ಕೊರಳೆಲುಬು ಮುರಿದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಮಗುವಿನ ಅಕ್ಷರದಂತಿದೆ. ಆದರೂ ಬರೆದಿಡಬೇಕು. ನಾಳೆ ಯಾರು ಏನು ಹೇಳುತ್ತಾರೋ.

ಗಾಡಿಯಲ್ಲಿ ನಾವು ನಾಲ್ವರು. ನನ್ನ ಎಡಕ್ಕೆ ಜಟ್ಟಪ್ಪ. ಹಿಂದೆ ಇಬ್ಬರು ಹೆಂಗಸರು. ದ್ಯಾವಮ್ಮ, ಸಿದ್ದಾಪುರ ಕಡೆಯ ಒಕ್ಕಲು ಮನೆಯವಳು, ತಲೆ ಅರ್ಧ ನರೆತಿದೆ. ಜಪ್ತಿಯಾದ ಮನೆಯ ಹೊಸ್ತಿಲ ಮೇಲೆ ಕೂತವಳು ಎಳೆದರೂ ಏಳಲಿಲ್ಲವಂತೆ. ಇನ್ನೊಬ್ಬಳು ಲಕ್ಷ್ಮೀ, ಹವ್ಯಕರ ಚಿಕ್ಕ ವಯಸ್ಸಿನ ಹೆಂಗಸು. ಗಂಡ ಆಗಲೇ ಜೈಲಿನಲ್ಲಿ. ಫೌಜದಾರ ಯಲ್ಲಾಪುರದವರೆಗೆ ಟಪಾಲಿನ ಮೋಟಾರಿನಲ್ಲಿ ಮುಂದೆ ಬಂದು ಅಲ್ಲೇ ಉಳಿದ. "ಎಲ್ಲೂ ನಿಲ್ಲಸಬ್ಯಾಡ, ಯಾರನ್ನೂ ಇಳಸಬ್ಯಾಡ" ಎಂದು ಜಟ್ಟಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು.

ಯಲ್ಲಾಪುರದವರೆಗೆ ತಗಡು ತಡೆಯಿತು. ಇಡಗುಂದಿ ದಾಟಿದ ಮೇಲೆ ಕಿರುಗುಟ್ಟಲು ಶುರು. ಘಟ್ಟದ ತಲೆಯಲ್ಲಿ ನಿಲ್ಲಿಸಿದೆ. ಕೆಳಗೆ ಕಾಡು, ಅದರಾಚೆ ಮಂಜು ಮುಚ್ಚಿದ ಕಣಿವೆ.

"ಜಟ್ಟಪ್ಪಾ, ನೀವು ಮೂವರೂ ನಡೆದು ಇಳಿಯಿರಿ. ನಾನು ಖಾಲಿ ಗಾಡಿ ಇಳಿಸ್ತೇನೆ. ಕೆಳಗೆ ಹತ್ತಿಸ್ಕೊಳ್ತೇನೆ."

"ಬೇಡ ಹಯಾತ್ ಭಾಯ್. ಇಳಿಸಿದ್ದು ಗೊತ್ತಾದ್ರೆ ನನ್ನ ನೌಕರಿ ಹೋಗ್ತದೆ. ಮಕ್ಕಳಿದ್ದಾರೆ ನಂಗೆ."

ದ್ಯಾವಮ್ಮ ಹಿಂದಿನಿಂದ ಹೇಳಿದಳು. "ನಾವು ನಡೀತೇವೆ ತಮ್ಮಾ. ಓಡಿಹೋಗೂಕೆ ಬಂದೋರಲ್ಲ ನಾವು."

"ಅದು ನಂಗೊತ್ತು ತಾಯೀ. ಅವರಿಗೆ ಗೊತ್ತಾಗ್ಬೇಕಲ್ಲ" ಎಂದ ಜಟ್ಟಪ್ಪ.

ಅಲ್ಲಿ ನಾನು ಇಳಿದು ಹೋಗಿಬಿಡಬಹುದಿತ್ತು. ಬೀಗದ ಕೈ ಕಾಡಿಗೆ ಎಸೆಯಬಹುದಿತ್ತು. ಕಿವಿಯೊಳಗೆ ಆ ಗುಂಯ್ ಶಬ್ದ. ಗೋಡೆಗೊರಗಿದ ಅಣ್ಣ ಕಣ್ಣ ಮುಂದೆ. ಗೇರ್ ಹಾಕಿದೆ.

ಮೊದಲ ಗೇರಿನಲ್ಲೇ ಇಳಿಸಿದೆ. ಎಡಕ್ಕೆ ಗುಡ್ಡ, ಬಲಕ್ಕೆ ಕಣಿವೆ. ಒಂದು ತಿರುವು ಆಯಿತು, ಇನ್ನೊಂದು ಆಯಿತು. ಜಟ್ಟಪ್ಪ ಏನೋ ಜಪಿಸುತ್ತಿದ್ದ. ಆಮೇಲೆ ಕಿರುಗುಟ್ಟುವುದು ಒಮ್ಮೆಗೇ ನಿಂತಿತು. ಅದೇ ನನಗೆ ಹೆಚ್ಚು ಭಯವಾದದ್ದು. ತಗಡು ಹೊರಗೆ ಬಂದುಬಿಟ್ಟಿದೆ. ರಸ್ತೆಯಲ್ಲಿ ಕಲ್ಲು, ಚಕ್ರ ಮೇಲೇರಿತು, ರಾಡಿನ ಮೇಲೆ ಓರೆಯಾಗಿ ಅಲ್ಲೇ ಸಿಕ್ಕಿಕೊಂಡಿತು. ಇಳಿಯಲಿಲ್ಲ. ಗಾಡಿ ಬಲಕ್ಕೆ ಕುಸಿಯಿತು. ಸ್ಟೇರಿಂಗ್ ತಾನಾಗಿ ಬಲಕ್ಕೆ, ಕಣಿವೆಯ ಕಡೆಗೆ ತಿರುಗಲು ಹಿಡಿಯಿತು. ಯಾರೋ ನನ್ನ ಕೈಯಿಂದ ಎಳೆಯುತ್ತಿದ್ದಂತೆ.

ಮೈಯೆಲ್ಲ ಹಾಕಿ ಎಡಕ್ಕೆ ಎಳೆದೆ. ಎಲುಬು ಆಗಲೇ ಮುರಿದಿರಬೇಕು. ಬುಷ್ ಒಡೆದ ಸದ್ದೋ ಎಲುಬಿನ ಸದ್ದೋ ಗೊತ್ತಿಲ್ಲ. ಸಿಕ್ಕಿಕೊಂಡದ್ದು ಬಿಟ್ಟಿತು. ಗಾಡಿ ಎಡಕ್ಕೆ ಹಾರಿ ಗುಡ್ಡದ ಬದಿಯ ಚರಂಡಿಗೆ ಇಳಿದು ಕೆಂಪುಕಲ್ಲಿನ ದರೆಗೆ ಬಡಿಯಿತು. ಜಟ್ಟಪ್ಪ ಬಾಗಿಲ ಮೇಲಿಂದ ಹೊರಗೆ ಬಿದ್ದ. ಗಾಡಿ ವಾಲಿ ಅವನ ಕಾಲ ಮೇಲೆ ಕೂತಿತು.

ಅವನ ಕೂಗು ಈಗಲೂ ಕೇಳುತ್ತಿದೆ.

ಹೊರಗೆ ಬಂದೆ. ನನ್ನ ಬಲಗೈ ಕೆಲಸ ಮಾಡುತ್ತಿರಲಿಲ್ಲ. ಮುಂದಿನ ಬಲಚಕ್ರ ಮಡಚಿಕೊಂಡಿತ್ತು. ಗಾಡಿ ನಿಂತಿರಲಿಲ್ಲ, ಸ್ವಲ್ಪಸ್ವಲ್ಪವೇ ಜಾರುತ್ತಿತ್ತು. ಲಕ್ಷ್ಮೀ ಆಗಲೇ ಇಳಿದು ಕಲ್ಲು ಹುಡುಕುತ್ತಿದ್ದಳು. ಹಣೆಯಿಂದ ರಕ್ತ.

"ಆನು ಚಕ್ರಕ್ಕೆ ಕಲ್ಲು ಕೊಡ್ತೆ. ನೀವು ಅವನ್ನ ನೋಡಿ!" ಎಂದಳು.

ದ್ಯಾವಮ್ಮ ಚರಂಡಿಗಿಳಿದು, ಮಡ್‌ಗಾರ್ಡಿನ ಕೆಳಗೆ ಬೆನ್ನು ಕೊಟ್ಟು ನಿಂತಳು, ಹೊರೆ ಹೊರುವವರ ಹಾಗೆ. ನಾನು ಎಡಗೈಯಲ್ಲಿ ಜಾಕ್ ಇಟ್ಟೆ. ಮಣ್ಣಿನಲ್ಲಿ ಹೂತುಹೋಯಿತು. ಅವಳೇ ಕಾಲಿನಿಂದ ಒಂದು ಚಪ್ಪಟೆ ಕಲ್ಲು ದೂಡಿದಳು. ಅದರ ಮೇಲೆ ಇಟ್ಟು ತಿರುಗಿಸಿದೆ. ಎಡಗೈಗೆ ಬಲವಿಲ್ಲ. ಲಕ್ಷ್ಮೀ ಬಂದು ನನ್ನ ಕೈಯ ಮೇಲೆ ಕೈಯಿಟ್ಟು ತಿರುಗಿಸಿದಳು. ಒಂದು ಗಳಿಗೆ ಹಿಂಜರಿದದ್ದು ನಾನು. ಅವಳಲ್ಲ.

"ಮಡಿ ಗಿಡಿ ಆಮೇಲೆ ನೋಡ್ಕಂಬನ. ತಿರುಗ್ಸಿ!"

ಗಾಡಿ ಎದ್ದಿತು. ಜಟ್ಟಪ್ಪನನ್ನು ಎಳೆದೆವು. ಮೊಣಕಾಲ ಕೆಳಗೆ ನೋಡುವ ಹಾಗಿರಲಿಲ್ಲ. ದ್ಯಾವಮ್ಮ ತನ್ನ ಸೆರಗು ಹರಿದು ಕಟ್ಟಿದಳು. ಅವನು ಅಳುತ್ತ ಅವಳನ್ನು, ಹೆತ್ತ ತಾಯಿಯನ್ನು ಕರೆಯುವ ಹಾಗೆ, ಅಬ್ಬೇ ಅಬ್ಬೇ ಎಂದು ಕರೆಯುತ್ತಿದ್ದ.

ಅಂಕೋಲೆ ಕಡೆಯಿಂದ ಉಪ್ಪು ಹೇರಿದ ಎತ್ತಿನ ಗಾಡಿಗಳು ಹತ್ತಿ ಬಂದವು. ಒಂದರಲ್ಲಿ ಮೂಟೆ ಸರಿಸಿ ಅವನನ್ನೂ ನನ್ನನ್ನೂ ಮಲಗಿಸಿದರು. ಹೆಂಗಸರಿಗೂ ಹತ್ತಿ ಎಂದರು ಗಾಡಿಯವರು. ಏರಿನಲ್ಲಿ ಎತ್ತಿಗೆ ಭಾರ ಹೆಚ್ಚಾಗುತ್ತದೆ ಎಂದು ಅವರಿಬ್ಬರೂ ಹತ್ತಲಿಲ್ಲ. ಹಿಂದೆ ನಡೆದುಕೊಂಡೇ ಬಂದರು, ಯಲ್ಲಾಪುರದವರೆಗೆ. ಕಾವಲಿಗೆ ಯಾರೂ ಇರಲಿಲ್ಲ. ಸುತ್ತ ಕಾಡು. ಬೇಕೆಂದಿದ್ದರೆ...

ನಮ್ಮನ್ನು ದವಾಖಾನೆಯಲ್ಲಿ ಇಳಿಸಿ, ಅವರಿಬ್ಬರೂ ತಾವಾಗಿಯೇ ಮಾಮಲೇದಾರರ ಕಚೇರಿಗೆ ಹೋಗಿ ಜಗುಲಿಯ ಮೇಲೆ ಕೂತರಂತೆ.

೧೩ ಮಾರ್ಚ್. ಭಾನುವಾರ

ಫೌಜದಾರ ಬಂದಿದ್ದ. ಮಂಚದ ಪಕ್ಕ ಸ್ಟೂಲ್ ಎಳೆದು ಕೂತ. ನಿದ್ದೆಗೆಟ್ಟ ಕಣ್ಣು. ಅವನಿಗೂ ಮೇಲಿನಿಂದ ಕೇಳುತ್ತಿದ್ದಾರೆ. ಕೆಟ್ಟ ಗಾಡಿಯಲ್ಲಿ ಕೈದಿಗಳನ್ನು ಕಳಿಸಿದ್ದು ಯಾರು ಎಂದು.

"ಹಯಾತ್, ಆದದ್ದಾತು" ಎಂದ. ಮೊದಲ ಸಲ ಹೆಸರು ಹಿಡಿದು. "ಕೋರ್ಟಿನೊಳಗ ಒಂದ ಮಾತು ಹೇಳಿಬಿಡು. ತಿರುವಿನೊಳಗ ಆ ಹೆಂಗಸರು ಹಿಂದಿನಿಂದ ನಿನ್ನ ಕೈ ಹಿಡದು ಎಳದ್ರು. ತಪ್ಪಿಸಿಕೊಂಡು ಹೋಗಲಿಕ್ಕೆ. ಮುಗೀತು. ನಿನಗ ಏನೂ ಆಗೂದಿಲ್ಲ. ನಿಮ್ಮಣ್ಣಗೂ ಆಗೂದಿಲ್ಲ."

"ಅವರಿಗೆ?"

"ಅವರು ಹೆಂಗೂ ಜೇಲಿಗೆ ಹೊಂಟವರು. ಸ್ವಲ್ಪ ದಿವಸ ಹೆಚ್ಚಿಗಿ ಕೂಡತಾರ."

"ಇಲ್ಲಾ ಅಂದ್ರೆ?"

"ಇಲ್ಲಂದ್ರ ಗಾಡಿ ಬೇಕಂತಲೇ ಕೆಡಿಸಿದವ ನೀನು. ಗಾಡಿಗೆ ಮಾಲಿ ಹಾಕಿಸಿಕೊಂಡವ ನೀನು."

ಅವನು ಹೋದ ಮೇಲೆ ಆಚೆ ಮಂಚದ ಕಡೆ ನೋಡಿದೆ. ಜಟ್ಟಪ್ಪ ಎಲ್ಲ ಕೇಳಿಸಿಕೊಂಡಿದ್ದ. ಕಾಲು ಉಳಿಯುತ್ತದೆ, ಆದರೆ ಗಿಡ್ಡವಾಗುತ್ತದೆ ಎಂದಿದ್ದಾರೆ ಡಾಕ್ಟರು.

"ಜಟ್ಟಪ್ಪಾ, ನೀನೇನು ಹೇಳ್ತೀ?"

ಕಟ್ಟು ಹಾಕಿದ ಕಾಲು ನೋಡಿಕೊಂಡ. "ಕುಂಟನಿಗೆ ಬೇರೆ ಕೆಲಸ ಯಾರು ಕೊಡ್ತಾರೆ ಹಯಾತ್ ಭಾಯ್?" ಎಂದು ಗೋಡೆಯ ಕಡೆ ಹೊರಳಿದ.

೧೫ ಮಾರ್ಚ್. ಮಂಗಳವಾರ

ಅಣ್ಣ ಬಂದ. ಜೊತೆಗೆ ಮೈಮೂನಾ. ನನ್ನ ಹೆಗಲ ಕಟ್ಟು ನೋಡಿ ಅವನ ಬಾಯಿ ಒಣಗಿತು. ನೀರು ಕೊಟ್ಟದ್ದು ನಾನೇ. ಫೌಜದಾರ ಅವನಿಗೂ ಹೇಳಿದ್ದಾನೆ.

"ಹೇಳಿಬಿಡು ಹಯಾತ್" ಎಂದ. "ಆ ಹೆಂಗಸರೇ ತಪ್ಪು ತಿಳಿಯುವುದಿಲ್ಲ. ಅವರು ಕೋರ್ಟಿನಲ್ಲಿ ಬಾಯಿಯನ್ನೇ ಬಿಡುವುದಿಲ್ಲವಂತೆ. ಸರಕಾರದ ಕೋರ್ಟಿಗೆ ಉತ್ತರ ಕೊಡುವುದಿಲ್ಲ ಎಂದು ಹಟ. ಬೇಡ ಎನ್ನುವವರೂ ಇಲ್ಲ, ಸುಳ್ಳು ಎನ್ನುವವರೂ ಇಲ್ಲ."

"ಅದಕ್ಕೇ ಆಗುವುದಿಲ್ಲ."

"ಯಾಕೆ? ನೀನು ಯಾವಾಗ ಕಾಂಗ್ರೆಸ್ಸಿನವನಾದೆ?"

"ಆಗಿಲ್ಲ."

"ಮತ್ತೆ?"

ಏನು ಹೇಳಲಿ? ದ್ಯಾವಮ್ಮ ಗಾಡಿಯ ಕೆಳಗೆ ಬೆನ್ನು ಕೊಟ್ಟು ನಿಂತದ್ದನ್ನು ಇವನು ನೋಡಿಲ್ಲ. ಜಾಕ್ ಜಾರಿದ್ದರೆ ಜಟ್ಟಪ್ಪನ ಜೊತೆ ಅವಳೂ...

"ಚಾವಡಿಯಲ್ಲಿ ಅವನು ನನ್ನನ್ನು ಹೊಡೆದಾಗ ನೀನು ನೆಲ ನೋಡುತ್ತಿದ್ದೆ" ಎಂದೆ. ಹೇಳಬಾರದಿತ್ತು.

ಅಣ್ಣ ಎದ್ದು ಹೊರಗೆ ಹೋದ. ಮೈಮೂನಾ ಅವನ ಹಿಂದೆ ಹೋಗಲಿಲ್ಲ. ನನ್ನ ಎಡಗೈ ಹಿಡಿದುಕೊಂಡು, "ಪರವಾನಗಿ ಹೋದರೆ ನಾನು ರೊಟ್ಟಿ ಮಾಡಿ ಮಾರುತ್ತೇನೆ. ಅದನ್ನು ಯೋಚಿಸಬೇಡಿ" ಎಂದಳು.

೨೩ ಮಾರ್ಚ್. ಬುಧವಾರ

ಮಾಮಲೇದಾರರ ಕೋರ್ಟು. ಜಗುಲಿಯವರೆಗೂ ಜನ. ಹೆಂಗಸರಿಬ್ಬರೂ ಒಂದು ಬದಿಗೆ ನಿಂತಿದ್ದರು. ಹೆಸರು ಕೇಳಿದಾಗ ದ್ಯಾವಮ್ಮ, "ಈ ಕೋರ್ಟಿಗೆ ನಾ ಉತ್ತರ ಕೊಡೂದಿಲ್ಲ" ಎಂದಳು. ಲಕ್ಷ್ಮೀಯೂ ಅಷ್ಟೇ.

ಜಟ್ಟಪ್ಪನನ್ನು ಕುರ್ಚಿಯಲ್ಲಿ ಹೊತ್ತು ತಂದರು. "ತಿರುವಿನಲ್ಲಿ ಏನಾಯಿತು?" ಎಂದು ಮಾಮಲೇದಾರರು ಕೇಳಿದರು. "ನೆನಪಿಲ್ಲ ರಾವಸಾಹೇಬರೇ. ಎಚ್ಚರ ತಪ್ಪಿತ್ತು." "ಹೆಂಗಸರು ಡ್ರೈವರನ ಕೈ ಎಳೆದರೋ?" ಫೌಜದಾರ ಅವನನ್ನೇ ನೋಡುತ್ತಿದ್ದ. ಜಟ್ಟಪ್ಪನ ತುಟಿ ಅಲುಗಿತು. "ನಾ ನೋಡ್ಲಿಲ್ಲ." ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೋ. ಎಳೆದರು ಎಂದು ಅವನು ಹೇಳಲಿಲ್ಲ.

ನನ್ನ ಸರದಿ.

"ಕೈ ಯಾರೂ ಎಳೀಲಿಲ್ಲ. ಬಲಗಡೆ ಕೆಳಗಿನ ಬುಷ್ ಸವೆದು ಹೋಗಿತ್ತು. ತಗಡು ಸುತ್ತಿ ಹಾಕಿದ್ದೆ. ತಗಡು ಹೊರಗೆ ಬಂತು. ಚಕ್ರ ರಾಡಿನ ಮೇಲೆ ಸಿಕ್ಕಿಕೊಂಡಿತು."

ಹಿಂದೆ ಯಾರೋ ನಕ್ಕರು. ಮತ್ತೆ ಬುಷ್!

"ಇದನ್ನು ಮೊದಲೇ ಯಾರಿಗಾದರೂ ಹೇಳಿದ್ದೆಯೋ?"

"ಫೌಜದಾರ ಸಾಹೇಬರಿಗೆ. ಮನೆಯಲ್ಲಿ ಒಮ್ಮೆ. ಚಾವಡಿಯಲ್ಲಿ ಹೊಡೆಸಿಕೊಂಡು ಒಮ್ಮೆ."

ಗದ್ದಲ. ಮಾಮಲೇದಾರರು ಮೇಜು ಬಡಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅಂದರೆ ಗಾಡಿ ಕೆಟ್ಟಿದೆ ಎಂದು ನಿನಗೆ ಚೆನ್ನಾಗಿ ಗೊತ್ತಿತ್ತು."

"ಹೌದು."

"ಗೊತ್ತಿದ್ದೂ ಮೂರು ಜೀವ ಕೂರಿಸಿಕೊಂಡು ಘಟ್ಟ ಇಳಿಸಿದ್ದು ಯಾರು?"

ಇದ್ದ ಉತ್ತರ ಒಂದೇ.

"ನಾನೇ."

ಹೆಂಗಸರ ಮೇಲಿನ ಹೊಸ ಆರೋಪಕ್ಕೆ ಸಾಕ್ಷಿಯಿಲ್ಲ ಎಂದು ಬಿಟ್ಟರು. ಹಳೆಯ ಶಿಕ್ಷೆ ಇದ್ದೇ ಇದೆ. ಫೌಜದಾರನ ವಿಷಯ ಒಂದಕ್ಷರವೂ ಬರಲಿಲ್ಲ. ನನ್ನ ಲೈಸೆನ್ಸ್ ರದ್ದು. ಇನ್ನು ಮೇಲೆ ಈ ಜಿಲ್ಲೆಯಲ್ಲಿ ಮೋಟಾರು ಓಡಿಸಕೂಡದು.

ಹೊರಗೆ ಪೊಲೀಸ್ ಲಾರಿ ನಿಂತಿತ್ತು. ಹತ್ತುವ ಮೊದಲು ದ್ಯಾವಮ್ಮ ನನ್ನ ಹತ್ತಿರ ನಿಂತಳು.

"ಕೈ ಹೆಂಗದೆ?"

"ಕೂಡ್ತಾ ಇದೆ."

"ನಮ್ಮ ಪರ ಹೇಳಿ ನಿನ್ನ ಅನ್ನ ಕಳಕಂಡ್ಯಲ್ಲ ತಮ್ಮಾ."

"ನಿಮ್ಮ ಪರ ಅಲ್ಲಮ್ಮಾ. ಬುಷ್ ಹೋಗಿತ್ತು."

ಅವಳು ನಕ್ಕಳು. ಎಷ್ಟು ನಕ್ಕಳೆಂದರೆ ಪೊಲೀಸನೂ ನಕ್ಕ. ಲಾರಿ ಘಟ್ಟದ ಕಡೆ ಹೋಯಿತು. ಧೂಳು ಇಳಿಯುವವರೆಗೆ ನಿಂತಿದ್ದೆ. ಅದರ ಮುಂದಿನ ಕಮಾನು ಪಟ್ಟಿ ಗಟ್ಟಿಯಾಗಿತ್ತು, ನೋಡಿಕೊಂಡೆ.

ಶಿರಸಿ, ೩ ಏಪ್ರಿಲ್. ಭಾನುವಾರ, ಮಧ್ಯಾಹ್ನ

ಗಾಡಿ ಅಂಗಳಕ್ಕೆ ಬಂದಿದೆ. ಎತ್ತು ಕಟ್ಟಿ ಎಳೆಸಿ ತಂದವನು ಅಣ್ಣ, ನನಗೆ ಹೇಳದೆ. ಅಣ್ಣನ ಹೆಸರಿನ ಪರವಾನಗಿ ಹೇಗೋ ಉಳಿದಿದೆ. ಓಡಿಸುವವನಿಲ್ಲ. ಬೇರೆ ಡ್ರೈವರನನ್ನು ಇಡು ಎಂದೆ. ಗಾಡಿಯ ಧೂಳು ಒರೆಸುತ್ತ ನಿಂತ. ದವಾಖಾನೆಯಿಂದ ಬಂದ ಮೇಲೆ ನಮ್ಮಿಬ್ಬರ ನಡುವೆ ಊಟ, ನೀರು ಎನ್ನುವಷ್ಟೇ ಮಾತು.

ಇವತ್ತು ಬೆಳಿಗ್ಗೆ ಬಸಪ್ಪ ಹೊಸ ಬುಷ್ ತಂದ. ಬಣ್ಣ ಕೆಂಪಗಿದೆ. ಕಲ್ಲಿನ ಮೇಲೆ ಎತ್ತಿ ಎತ್ತಿ ಹಾಕಿ ತೋರಿಸಿದ. ಸೀಳಲಿಲ್ಲ. ಒಳಗೆ ಕೆರೆದು ರಾಡಿಗೆ ಸರಿಮಾಡಬೇಕು. ನನ್ನ ಬಲಗೈ ಇನ್ನೂ ಭುಜದ ಮೇಲಕ್ಕೆ ಏಳುವುದಿಲ್ಲ. ಅದನ್ನು ಹಿಡಿದು ಕೂತಿದ್ದೆ. ಅಣ್ಣ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಹೇಗೆ ಮಾಡುವುದು, ತೋರಿಸು. ಓಡಿಸುವುದನ್ನೂ ಆಮೇಲೆ ಕಲಿಸು."

ದೀಪದ ಕಪ್ಪನ್ನು ಎಣ್ಣೆಯಲ್ಲಿ ಕಲಸಿ ರಾಡಿಗೆ ಸವರಿದೆವು. ಬುಷ್ ತೊಡಿಸಿ ತಿರುಗಿಸಿ ತೆಗೆದರೆ ಒಳಗೆ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಬಿಗಿ. ಅಲ್ಲಷ್ಟೇ ಕೆರೆಯಬೇಕು. ಮತ್ತೆ ತೊಡಿಸಬೇಕು. ಅಣ್ಣನ ಕೈ ಒರಟು, ಮೊದಲು ಜಾಸ್ತಿ ಕೆರೆಯುತ್ತಿದ್ದ. ಬೈದೆ. ಸುಮ್ಮನೆ ಬೈಸಿಕೊಂಡ.

"ಎಷ್ಟು ಬಿಗಿ ಇರಬೇಕು?"

"ಕೈಯಲ್ಲಿ ಒತ್ತಿದರೆ ಇಳಿಯಬೇಕು. ಬಿಟ್ಟರೆ ತಾನಾಗಿ ಬೀಳಬಾರದು."

ಕೆರೆಯುತ್ತಲೇ ಅಣ್ಣ ತಲೆ ಎತ್ತದೆ ಕೇಳಿದ.

"ಘಟ್ಟದ ತಲೆಯಲ್ಲಿ ಗಾಡಿ ನಿಲ್ಲಿಸಿದ್ದೆಯಂತೆ. ಜಟ್ಟಪ್ಪ ಹೇಳಿದ. ಆಗ ನನ್ನನ್ನು ಬೈದುಕೊಂಡೆಯಾ?"

"ಬೈದುಕೊಂಡೆ."

"ಏನೆಂದು?"

ಹೇಳಿದೆ. ಅಮ್ಮ ಕೇಳಿಸಿಕೊಂಡಿದ್ದರೆ ಇಬ್ಬರಿಗೂ ಬಾಯಿಗೆ ಮೆಣಸಿನಕಾಯಿ ಇಡುತ್ತಿದ್ದಳು. ಅಣ್ಣ ನಕ್ಕ. ನಗುತ್ತ ನಗುತ್ತ ಮುಖವನ್ನು ತೋಳಿಗೆ ಒರೆಸಿಕೊಂಡ. ದೀಪದ ಕಪ್ಪು ಕೆನ್ನೆಗೆಲ್ಲ ಹತ್ತಿತು. ಅದು ಬೆವರಲ್ಲ. ನಾನು ಬೇರೆ ಕಡೆ ನೋಡಿದೆ. ಬೆನ್ನು ನೋಯುತ್ತದೆ ಎಂದು ಹೇಳಿ ಒಳಗೆ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ.

ಕರೆಯುತ್ತಿದ್ದಾನೆ. ಬುಷ್ ಅರ್ಧಕ್ಕೆ ಹೋಗಿ ನಿಂತಿದೆಯಂತೆ, ಸುತ್ತಿಗೆ ತೆಗೆದುಕೊಳ್ಳಲೇ ಎಂದು ಕೇಳುತ್ತಿದ್ದಾನೆ. ಬೇಡ ಬೇಡ, ಸುತ್ತಿಗೆ ಬೇಡ, ಬಂದೆ.